ಟೀವಿಯೊಳಗಿನ ಹೊಲ ಉತ್ತವರು ಯಾರು?

"ಇನ್ನು ಮ್ಯಾಲೆ ಈ ಮನೆ ಬಾಗ್ಲಲ್ಲಿ ರಿಪೇರಿಯವನ ಚಪ್ಪಲಿ ಕಾಣಬಾರದು!"

ಅರಕಲಗೂಡಿನ ಗೊಬ್ಬರದಂಗಡಿ ಗೌರೀಶ ಹೀಗೆಂದು ಭೀಷ್ಮಪ್ರತಿಜ್ಞೆ ಮಾಡಿದಾಗ ಅವನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಎದುರಿಗೆ, ಆಗಷ್ಟೇ ಆಪರೇಷನ್ ಮುಗಿಸಿಕೊಂಡ ಮಿಕ್ಸಿ ಇತ್ತು.

ಹೆಂಡತಿ ಭವ್ಯಶ್ರೀ ಹೈಸ್ಕೂಲ್ ಟೀಚರು. ಉತ್ತರ ಪತ್ರಿಕೆ ನೋಡುವ ಕಣ್ಣಲ್ಲೇ ಮಿಕ್ಸಿಯನ್ನೂ ನೋಡಿದಳು.

"ಓಡುತ್ತಾ?"

"ಓಡದೆ ಏನು? ನೋಡು!"

ಮಿಕ್ಸಿ ಓಡಿತು. ಚಟ್ನಿ ರುಬ್ಬಿತು. ಚಟ್ನಿ ನೀರಾದ ಮೇಲೂ ಓಡುತ್ತಲೇ ಇತ್ತು.

"ಓಡೋದೇನೋ ಓಡ್ತಿದೆ ಕಣ್ರೀ. ನಿಲ್ಲಿಸೋದು ಹೇಗೆ?"

"ಪ್ಲಗ್ಗು ಕೀಳು! ಎಲ್ಲಾನೂ ನಾನೇ ಹೇಳ್ಬೇಕಾ?"

ಇಂಥ ಪರಾಕ್ರಮಿ ಗೌರೀಶನಿಗೆ ನಲವತ್ತು ದಾಟಿದ ಮೇಲೆ ವಿಡಿಯೋ ಗೇಮಿನ ಹುಚ್ಚು ಹತ್ತಿತು. ಹಾಸನದಲ್ಲಿ ಪರಿಚಯದವರೊಬ್ಬರು ಮಾರುತ್ತಿದ್ದ ಹಳೇ ಕಂಪ್ಯೂಟರನ್ನು ತಂದು ಹಾಲಿನ ಟೀವಿಗೆ ತಗುಲಿಸಿದ. ಅದರಲ್ಲಿ ವ್ಯವಸಾಯದ ಆಟವೊಂದಿತ್ತು. ಯಾವುದೋ ಪರದೇಶದ ಹೊಲ, ಅದರಲ್ಲೊಂದು ಹಸಿರು ಟ್ರಾಕ್ಟರು. ಕೊಣನೂರಿನ ಹತ್ತಿರ ಇದ್ದ ಸ್ವಂತ ಹೊಲವನ್ನು ಬೆಳೆಯ ಪಾಲಿನ ಮೇಲೆ ಬೇರೆಯವರಿಗೆ ವಾರಕ್ಕೆ ಕೊಟ್ಟು, ಅಂಗಡಿಯಿಂದ ಬಂದವನೇ ಸೋಫಾದ ಮೇಲೆ ಕಾಲು ಮಡಚಿ ಪರದೇಶದ ಹೊಲ ಉಳುವ ರೈತ ಅಂದರೆ ಇಡೀ ತಾಲ್ಲೂಕಿಗೆ ಇವನೊಬ್ಬನೇ ಇರಬೇಕು. ಉಳುಮೆಯೋ, ಎತ್ತು ಉಚ್ಚೆ ಹೊಯ್ದ ಹಾಗೆ!

ಕಂಪ್ಯೂಟರಿನ ಜೊತೆ ವೈರಿಲ್ಲದ ಎರಡು ಜಾಯ್‌ಸ್ಟಿಕ್ ಬಂದಿದ್ದವು. ಒಂದು ಕೆಲಸ ಮಾಡಲಿಲ್ಲ. ಗೌರೀಶ ಅದನ್ನು ಬಿಚ್ಚಿದ, ಊದಿದ, ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದ, ನೀಲಗಿರಿ ಎಣ್ಣೆ ಸವರಿದ, ಮತ್ತೆ ಮುಚ್ಚಿದ. ಸ್ಕ್ರೂಗಳು ಮಿಕ್ಕವು.

"ಕಂಪನಿಯೋರು ಸುಮ್ನೆ ಜಾಸ್ತಿ ಹಾಕಿರ್ತಾರೆ," ಅಂದ. ಆದರೂ ಅದು ಕೆಲಸ ಮಾಡಲಿಲ್ಲ. "ಪ್ರಾಣ ಹೋಗಿದೆ," ಎಂದು ಘೋಷಿಸಿ, ಅಮ್ಮನ ಮಂಚದ ಕೆಳಗಿನ ಹಳೇ ಸಾಮಾನಿನ ಬುಟ್ಟಿಗೆ ಎಸೆದ. ಕಂಪ್ಯೂಟರಿನ ಸ್ವಿಚ್ಚಿಗೂ ಕೈ ಹಾಕಿದ್ದ. ಅಲ್ಲಿಂದಾಚೆಗೆ ಆಫ್ ಮಾಡಿದರೆ ಮತ್ತೆ ಆನ್ ಆಗುವುದೋ ಇಲ್ಲವೋ ಎಂಬ ಭಯ. ಹಾಗಾಗಿ ಅದನ್ನು ಆರಿಸುವಂತೆಯೇ ಇರಲಿಲ್ಲ.

ಅಮ್ಮ ಕಾಮಾಕ್ಷಮ್ಮ. ಗಂಡ ಚನ್ನಪ್ಪ ತೀರಿಕೊಂಡು ವರ್ಷ ತುಂಬಿತ್ತು. ಅಂದಿನಿಂದ ಅವರ ಮಾತು ಕಡಿಮೆಯಾಗಿತ್ತು. ಹಾಲಿಗೆ ತೆರೆದುಕೊಂಡ ಕೋಣೆಯಲ್ಲಿ ಮಂಚದ ಮೇಲೆ ಕಂಬಳಿ ಹೊದ್ದು, ಕೈಯೆರಡನ್ನೂ ಕಂಬಳಿಯೊಳಗಿಟ್ಟುಕೊಂಡು ಕೂತಿರುತ್ತಿದ್ದರು. ಕಾಫಿ ಕೊಟ್ಟರೆ ಕುಡಿಯುತ್ತಿದ್ದರು. ಕೊಡದಿದ್ದರೆ ಕೇಳುತ್ತಿರಲಿಲ್ಲ.

ಪಿತೃಪಕ್ಷ ಶುರುವಾದ ವಾರ. ಮಧ್ಯಾಹ್ನದ ಊಟಕ್ಕೆ ಗೌರೀಶ ಮನೆಗೆ ಬಂದ. ಮೋಡ ಕವಿದು ಮನೆಯೆಲ್ಲ ಮಬ್ಬಾಗಿತ್ತು. ಟೀವಿ ಹಾಕಿದ.

ಬೆಳಿಗ್ಗೆ ಅವನು ಅರ್ಧಕ್ಕೆ ಬಿಟ್ಟು ಹೋಗಿದ್ದ ಹೊಲ ಪೂರ್ತಿ ಉತ್ತುಹೋಗಿತ್ತು! ಬಾಚಣಿಗೆಯಿಂದ ಬಾಚಿ ಬೈತಲೆ ತೆಗೆದ ಹಾಗೆ ಸಾಲುಗಳು. ಟ್ರಾಕ್ಟರು ಮರದ ನೆರಳಲ್ಲಿ, ಕೆಲಸ ಮುಗಿಸಿ ದಣಿವಾರಿಸಿಕೊಳ್ಳುವವರ ಹಾಗೆ ನಿಂತಿತ್ತು.

ಶಾಲೆಯಲ್ಲಿದ್ದ ಭವ್ಯಶ್ರೀಗೆ ಫೋನ್ ಮಾಡಿದ. "ಮನೇಲಿ ಯಾರಿದ್ರೇ?"

"ಯಾರೂ ಇಲ್ಲ ಕಣ್ರೀ. ಅತ್ತೆ ಒಬ್ರೇ."

"ಅಂದ್ರೆ ಯಾರೂ ಇಲ್ಲ."

ವೈರಸ್ಸೇ ಇರಬೇಕೆಂದು ಕರೆಂಟಿನದೊಂದು ಬಿಟ್ಟು ಉಳಿದ ವೈರುಗಳನ್ನೆಲ್ಲ ಕಿತ್ತು ಮತ್ತೆ ಚುಚ್ಚಿದ. ಮಾರನೆಯ ದಿನ ಬಂದು ನೋಡಿದರೆ ಬಿತ್ತನೆಯೂ ಆಗಿಹೋಗಿತ್ತು. ಎಂಥ ಶ್ರದ್ಧೆಯ ವೈರಸ್ಸು!

ಅದೇ ವಾರ ಮನೆಯ ಗಡಿಯಾರಗಳು ನಿಂತವು. ಹಾಲಿನದೂ ನಿಂತಿತು, ಅಮ್ಮನ ಕೋಣೆಯದೂ ನಿಂತಿತು. ಹೊಸ ಸೆಲ್ ಹಾಕಿದ. ಓಡಿದವು. ಒಂದೆರಡು ದಿನ ಕಳೆಯುವಷ್ಟರಲ್ಲಿ ಮತ್ತೆ ಎರಡೂ ಒಟ್ಟಿಗೆ ನಿಂತವು. ಟಿಕ್ ಟಿಕ್ ಇಲ್ಲದ ಮನೆಯಲ್ಲಿ ಫ್ರಿಜ್ಜಿನ ಗುಂಯ್ ಸದ್ದೂ ಯಾರೋ ಉಸಿರಾಡಿದ ಹಾಗೆ ಕೇಳತೊಡಗಿತು.

"ಹೊಸ ಸೆಲ್ಲಿನ ಜೀವ ಯಾರು ಹೀರ್ತಾ ಇದಾರ್ರೀ?" ಭವ್ಯಶ್ರೀಯ ದನಿ ಸಣ್ಣದಾಗಿತ್ತು. ಆಕೆ ವಿಜ್ಞಾನದ ಟೀಚರು!

ಭಾನುವಾರ ಮಟಮಟ ಮಧ್ಯಾಹ್ನ. ಗೌರೀಶ ಆಟದ ಇನ್ನೊಂದು ಹೊಲದಲ್ಲಿ ಒಂದು ಸಾಲು ಸೊಟ್ಟಗೆ ಉತ್ತು, ಜಾಯ್‌ಸ್ಟಿಕ್ಕನ್ನು ಟೀಪಾಯಿಯ ಮೇಲಿಟ್ಟು ಊಟಕ್ಕೆ ಕೂತ. ಕೊಣನೂರಿನ ಬೈರಯ್ಯ ಯೂರಿಯಾ ಕೇಳಲು ಬಂದವನು ಊಟಕ್ಕೂ ಕೂತಿದ್ದ. ಚನ್ನಪ್ಪನ ಹೊಲದ ಪಕ್ಕದ ಹೊಲ ಅವನದು. ಇಬ್ಬರೂ ಆಜೀವ ಸ್ನೇಹಿತರು.

ಮುದ್ದೆಯ ಮೊದಲ ತುತ್ತು ಗಂಟಲಿಗಿಳಿಯುವ ಹೊತ್ತಿಗೆ ಟೀವಿಯಿಂದ ಸದ್ದು ಬಂತು. ಡುಗ್ಗು, ಡುಗ್ಗು, ಡುಗ್ಗು.

ಟ್ರಾಕ್ಟರು ಸ್ಟಾರ್ಟಾಯಿತು. ಟೀಪಾಯಿಯ ಮೇಲಿನ ಜಾಯ್‌ಸ್ಟಿಕ್ಕನ್ನು ಯಾರೂ ಮುಟ್ಟಿರಲಿಲ್ಲ. ಗೌರೀಶನ ಕೈ ತಟ್ಟೆಯಲ್ಲಿತ್ತು. ಭವ್ಯಶ್ರೀಯ ಕೈ ಸಾರಿನ ಸೌಟಿನಲ್ಲಿತ್ತು. ಅಮ್ಮ ಕೋಣೆಯ ಮಬ್ಬಿನಲ್ಲಿ ಕಂಬಳಿ ಹೊದ್ದು ಕೂತಿದ್ದರು. ಟ್ರಾಕ್ಟರು ನಿಧಾನವಾಗಿ ಹಿಂದಕ್ಕೆ ಬಂದು, ಸೊಟ್ಟ ಸಾಲನ್ನು ಅಳಿಸಿ, ನೆಟ್ಟಗೆ ಉಳತೊಡಗಿತು. ಹೊಲದ ನಡುವಿನ ಮರದ ಹತ್ತಿರ ಬಂದಾಗ ಅದರ ಬುಡದ ಸುತ್ತ ಒಂದಿಷ್ಟು ಜಾಗವನ್ನು ಗುಂಡಗೆ ಬಿಟ್ಟು ಬಳಸಿಕೊಂಡು ಹೋಯಿತು. ಹೊಲದಂಚಿನ ತೆವರಿ ಮುಟ್ಟಿತು. ಪೊಂ, ಪೊಂ ಎಂದು ಹಾರನ್ ಹೊಡೆದು ತಿರುಗಿತು.

ಬೈರಯ್ಯನ ಕೈಯ ಮುದ್ದೆ ತಟ್ಟೆಗೆ ಬಿತ್ತು.

"ಲೇ ಗೌರೀಶ... ಇದು ಚನ್ನಪ್ಪನ ಕೈ ಕಣ್ಲಾ!"

"ಮಾವ, ಸುಮ್ನಿರಿ..."

"ಏನ್ ಸುಮ್ನಿರಾದು? ನಿಮ್ಮ ಹೊಲದಾಗೆ ಹುತ್ತ ಇಲ್ವೇನ್ಲಾ? ಅದರ ಸುತ್ತ ನೇಗಿಲು ತಾಗ್ಸುದೆ ಇಂಗೇ ಗುಂಡಗೆ ಬುಡ್ತಿದ್ದ. ತೆವರಿ ಮುಟ್ಟುದೇಟ್ಗೆ ಎತ್ತುಗೋಳ್ಗೆ 'ಹೋ, ಹೋ' ಅಂತ ಎಲ್ಡು ಕೂಗು ಹಾಕಿ ತಿರುಗುಸ್ತಿದ್ದ. ಪಕ್ಸ ಬಂದೈತೆ. ಹಿರೇರು ಮನೆಗೆ ಬರೋ ಕಾಲ!"

ಗೌರೀಶ ತಟ್ಟೆ ಬದಿಗೆ ಸರಿಸಿದ. ಹೊಲವನ್ನು ವಾರಕ್ಕೆ ಕೊಡಬೇಡವೆಂದು ಅಪ್ಪ ಕೊನೆಗಾಲದಲ್ಲಿ ಹೇಳಿದ್ದರು. ಅವರು ತೀರಿಕೊಂಡ ಹದಿನೈದೇ ದಿನಕ್ಕೆ ಕೊಟ್ಟಿದ್ದ.

"ಅಪ್ಪ, ಕೋಪಾನಾ?" ಎಂದು ಟೀವಿಗೆ ಕೇಳಿದ.

ಪೊಂ, ಎಂದಿತು ಟೀವಿ.

ಅಲ್ಲಿಂದ ಮನೆಯಲ್ಲಿ ಯಾರೂ ಟೀವಿಗೆ ಬೆನ್ನು ಹಾಕಿ ನಡೆಯಲಿಲ್ಲ. ಗೌರೀಶ ಹಾಲಿನಲ್ಲಿ ಲುಂಗಿ ಮೇಲಕ್ಕೆ ಕಟ್ಟುವುದನ್ನೇ ಬಿಟ್ಟ. ಆದರೂ ರಿಪೇರಿಯ ಚಟ ಬಿಡಬೇಕಲ್ಲ? "ಬಿಸಿಗೆ ಇಂಗೆಲ್ಲ ಆಡ್ತದೆ," ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಗಾಳಿಯಾಡಲೆಂದು ಸಿಪಿಯುವಿನ ಪಕ್ಕದ ತಗಡು ಬಿಚ್ಚಿಟ್ಟ. ಕೈಮುಗಿದೇ ಬಿಚ್ಚಿದ!

ಅಮಾವಾಸ್ಯೆ ಬಂತು. ಎಡೆ ಎಲ್ಲಿ ಇಡಬೇಕೆಂಬ ಪ್ರಶ್ನೆಯೇ ಏಳಲಿಲ್ಲ. ಟೀವಿಯ ಮುಂದೆ ಬಾಳೆಲೆ ಹಾಸಿದರು. ಮುದ್ದೆ, ನಾಟಿಕೋಳಿ ಸಾರು, ವಡೆ, ಹೊಸ ಪಂಚೆ, ಬೀಡಿಕಟ್ಟು. ಬೈರಯ್ಯ ಸ್ನೇಹಿತನ ರುಚಿ ಬಲ್ಲವನು. ಒಂದು ಲೋಟ ಬ್ರಾಂದಿ ತುಂಬಿಸಿ ಸಿಪಿಯುವಿನ ಪಕ್ಕದಲ್ಲಿಟ್ಟ. ಹಿರಿಯರು ನೆಮ್ಮದಿಯಾಗಿ ಉಣ್ಣಲೆಂದು ಎಲ್ಲರೂ ಆಚೆ ಬಂದು ಬಾಗಿಲು ಮುಚ್ಚಿದರು.

ಬೀದಿಯಲ್ಲಿ ಬಿಸಿಲಿತ್ತು, ಜನರಿರಲಿಲ್ಲ. ಒಂದು ಕಾಗೆಯೂ ಕೂಗಲಿಲ್ಲ. ಆಗ ಮುಚ್ಚಿದ ಬಾಗಿಲ ಒಳಗಿನಿಂದ ಸದ್ದು ಬಂತು. ಡುಗ್ಗು, ಡುಗ್ಗು, ಡುಗ್ಗು.

ಭವ್ಯಶ್ರೀ ಗಂಡನ ತೋಳು ಹಿಡಿದಳು. ಗಂಡ ಬೈರಯ್ಯನ ತೋಳು ಹಿಡಿದ. ಬೈರಯ್ಯ ಹಿಡಿಯಲು ತೋಳಿಲ್ಲದೆ ಹೊಸ್ತಿಲಿಗೆ ಉದ್ದಂಡ ಬಿದ್ದ.

"ಬಂದವ್ನೆ ಕಣ್ಲಾ! ಉಣ್ಣದೆ ಉಳ್ತಾವ್ನೆ!"

ಒಳಗೆ ಕುರ್ಚಿ ಕಿರ್‌ರ್ ಎಂದಿತು. ಯಾರೋ ಗಟ್ಟಿಯಾಗಿ ಉಸಿರುಬಿಟ್ಟರು. ಪೊಂ, ಪೊಂ! ಆಮೇಲೆ ಗಾಜು ಉರುಳಿದ ಸದ್ದು, ಚರ್‌ರ್ ಎಂಬ ಸದ್ದು, 'ಢಬ್!' ಕಿಟಕಿಯಿಂದ ಹೊಗೆ ಸುರುಳಿ ಸುರುಳಿಯಾಗಿ ಬಂತು. ಬ್ರಾಂದಿ ಸುಟ್ಟ ವಾಸನೆ!

ಗೌರೀಶ ಕಣ್ಣು ಮುಚ್ಚಿಕೊಂಡೇ ಬಾಗಿಲು ತಳ್ಳಿದ.

ಹೊಗೆಯ ನಡುವೆ, ಚನ್ನಪ್ಪನ ಹೊಸ ಪಂಚೆಯನ್ನು ಸಿಪಿಯುವಿಗೆ ಬೀಸುತ್ತಾ ನಿಂತಿದ್ದರು ಕಾಮಾಕ್ಷಮ್ಮ! ಇನ್ನೊಂದು ಕೈಯಲ್ಲಿ ಗೌರೀಶ ಪ್ರಾಣ ಹೋಗಿದೆಯೆಂದು ಘೋಷಿಸಿದ್ದ ಜಾಯ್‌ಸ್ಟಿಕ್.

"ಅಮ್ಮಾ! ನೀನು ಆಚೆ ಬರ್ಲಿಲ್ವಾ?"

"ಬಾ ಅಂತ ಯಾರ್ ಕರುದ್ರಪ್ಪ?"

ಯಾರೂ ಕರೆದಿರಲಿಲ್ಲ.

"ಮರದ ತಾವ ತಿರುಗುಸ್ವಾಗ ಮೈಯೂ ಜೊತ್ಗೇ ವಾಲ್ತು," ಅಂದರು ಕಾಮಾಕ್ಷಮ್ಮ. "ಮೊಣಕಾಲು ತಾಗಿ ಲೋಟ ಅದರೊಳಿಕ್ಕೆ ಮಗುಚ್ಕೊಂತು."

"ಅದು ಕೆಟ್ಟೋಗಿತ್ತಲ್ಲಮ್ಮ, ಆ ಜಾಯ್‌ಸ್ಟಿಕ್ಕು!"

"ಕೆಟ್ಟಿರ್ಲಿಲ್ಲ. ಸೆಲ್ ಹಾಕಿರ್ಲಿಲ್ಲ. ಗಡಿಯಾರದ್ದು ತಗದು ಇದಕ್ಕಾಕ್ದೆ, ಇದ್ರದ್ದು ಮುಗುದ್‌ಮ್ಯಾಲೆ ಗಡಿಯಾರಕ್ಕಾಕ್ದೆ."

ಬಿಚ್ಚಿ, ಊದಿ, ಉಜ್ಜಿ, ಎಣ್ಣೆ ಸವರಿದ ಮಹಾನುಭಾವ ಸೆಲ್ ನೋಡಿರಲಿಲ್ಲ! ಭವ್ಯಶ್ರೀ ಸೆರಗು ಬಾಯಿಗೆ ಒತ್ತಿಕೊಂಡಳು.

ಬೈರಯ್ಯ ಎದ್ದು ಧೂಳು ಕೊಡವಿಕೊಂಡ. "ಆದ್ರೂ ಅತ್ಗೆ, ಆ ಉಳುಮೆ ನಮ್ಮ ಚನ್ನಪ್ಪಂದೇ!"

"ಅವರಿಗೆಲ್ಲಿ ಟ್ರಾಕ್ಟ್ರು ಬರ್ತಿತ್ತು ಬೈರಯ್ಯ? ಹೆಂಗಸು ನೇಗಿಲು ಮುಟ್ಟುದ್ರೆ ಮಳೆ ಹೋಯ್ತದೆ ಅಂತ ಒಂದಿನಾನೂ ಮುಟ್ಟಕ್ಕೆ ಬುಡ್ಲಿಲ್ಲ. ಮದುವೆ ಆದಾಗಿಂದ ಅವರ ಹಿಂದೆ ಸಾಲಿಗೆ ಬೀಜ ಬುಡ್ತಾ ನಡುದ್ನಲ್ಲ, ಸಾಲು ಎಲ್ಲಿ ಸೊಟ್ಟ ಆಯ್ತದೆ ಅನ್ನೋದು ಹಿಂದೆ ನಡ್ಯೋರ್ಗೇ ಗೊತ್ತಾಗಾದು. ತೆವರಿ ಬಂತು ಅಂತ ಎಚ್ಚರಿಸ್ತಿದ್ದೋಳೂ ನಾನೇ. ಹೋ, ಹೋ ಅಂತ ಕೂಗ್ತಿದ್ದೋರು ಅವರು." ಅವರು ಮಗನ ಕಡೆ ತಿರುಗಿದರು. "ನೀನು ಉಳಾದು ನೋಡಿ ನೋಡಿ ನಂಗೆ ಹೊಟ್ಟೆ ಉರ್ದೋಯ್ತು ಕಣಪ್ಪ. ಇಲ್ಲಿ ಮುಟ್ಟುದ್ರೆ ಯಾವ ಮಳೆ ಹೋಯ್ತದೆ ಅಂತ ಮುಟ್ಟೇಬುಟ್ಟೆ."

ವರ್ಷದಲ್ಲೇ ಅವರು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ಗೌರೀಶ ಮೆಲ್ಲಗೆ ಕೇಳಿದ:

"ಅವತ್ತು 'ಕೋಪಾನಾ' ಅಂತ ಕೇಳ್ದಾಗ ಪೊಂ ಅಂದಿದ್ದೂ ನೀನೇನಾ?"

ಕಾಮಾಕ್ಷಮ್ಮ ಗಂಭೀರವಾದರು. "ಯಾವತ್ತು? ಅದು ನಾನಲ್ಲ ಕಣಪ್ಪ."

ಬೈರಯ್ಯ ಮೆಲ್ಲಗೆ ಚಪ್ಪಲಿಯ ಕಡೆ ಸರಿದ. ಗೌರೀಶನ ಮುಖ ಸುಣ್ಣವಾಯಿತು. ಅದನ್ನು ಒಂದು ಗಳಿಗೆ ಚೆನ್ನಾಗಿ ನೋಡಿ, ಕಾಮಾಕ್ಷಮ್ಮ ಸೊಂಟ ಹಿಡಿದುಕೊಂಡು ನಗತೊಡಗಿದರು. ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಗಿ, ಕೊನೆಗೆ ಎಡೆಯ ಮುಂದೆಯೇ ಕುಸಿದು ಕೂತರು.

ಬ್ರಾಂದಿ ಕುಡಿದ ಕಂಪ್ಯೂಟರು ಹಾಸನಕ್ಕೆ ಹೋಗಿ, ಒಳಗಿನದೆಲ್ಲ ಹೊಸದಾಗಿ ಹಾಕಿಸಿಕೊಂಡು ಬಂತು. ಈಗ ಹಾಲಿನ ಸೋಫಾ ಕಾಮಾಕ್ಷಮ್ಮನವರದು. ಮೊನ್ನೆ ಊಟಕ್ಕೆ ಬಂದ ಗೌರೀಶ ಅವರ ಪಕ್ಕದಲ್ಲಿ ಬಹಳ ಹೊತ್ತು ಕೂತು, ಕಟಾವಿಗೆ ಬಂದ ಬೆಳೆ ನೋಡಿ ಆಸೆ ತಡೆಯಲಾರದೆ ಕೈ ಚಾಚಿದ.

"ಅಮ್ಮ, ಒಂದೇ ಒಂದ್ ಸುತ್ತು ನಂಗೂ ಕೊಡಮ್ಮ."

ಕಾಮಾಕ್ಷಮ್ಮ ಪರದೆಯಿಂದ ಕಣ್ಣು ಕೀಳಲಿಲ್ಲ.

"ಎದ್ದು ಅಂಗ್ಡಿಗೆ ಓಗ್ಲಾ! ಬೇಸಾಯ ಮಾಡೋ ಮನೇಲಿ ಒಬ್ಬರಾದ್ರೂ ದುಡೀಬೇಕು."