ನೀರಿನೊಳಗಿನ ಆಗಸ್ಟ್ ಹದಿನೈದು

ಆಗಸ್ಟ್ ಹದಿನೈದಕ್ಕೂ ನನಗೂ ಏನು ಋಣಾನುಬಂಧವೋ, ಆ ದಿನ ಏನಾದರೊಂದು ಫಜೀತಿ ಆಗಿಯೇ ತೀರುತ್ತದೆ. ತಿಕೋಟಾದಲ್ಲಿ ಬಾವಿಯ ನೀರಷ್ಟೇ ನೋಡಿ ಬೆಳೆದ ನಾನು ಹದಿನೆಂಟು ವರ್ಷ ನೌಕಾಪಡೆಯ ಜಲಾಂತರ್ಗಾಮಿಯಲ್ಲಿ, ಅಂದರೆ ಮುಳುಗಿಕೊಂಡೇ ಓಡಾಡುವ ಹಡಗಿನಲ್ಲಿ ದುಡಿದೆ. ಈಗ ನಿವೃತ್ತನಾಗಿ ವಿಜಯಪುರದಲ್ಲಿ ಆರಾಮಾಗಿದ್ದೇನೆ. ಹಳೆಯದು ನೆನಪಾಗಿ ಒಬ್ಬನೇ ನಗುತ್ತ ಕೂತರೆ ಹೆಂಡತಿ ಬಂದು ಹಣೆ ಮುಟ್ಟಿ ನೋಡಿ ಹೋಗುತ್ತಾಳೆ.

ಲಾಡು

ಮೊದಲ ವರ್ಷ ಆ ದಿನ ಬಂದಾಗ ನಾವು ಸಮುದ್ರದ ಅಡಿಯಲ್ಲಿದ್ದೆವು. ನೀರೊಳಗೆ ಸದ್ದು ಬಹಳ ದೂರ ಹೋಗುತ್ತದೆ. ಕೈತಪ್ಪಿ ಸೌಟು ಬಿದ್ದರೂ ನಾವಿರುವ ಜಾಗವನ್ನು ವೈರಿಗೆ ಡಂಗುರ ಸಾರಿದಂತೆ. ಹಾಗಾಗಿ ಊಟದ ಕೋಣೆಯ ಗೋಡೆಗೆ ಧ್ವಜ ಅಂಟಿಸಿ, ರಾಷ್ಟ್ರಗೀತೆಯನ್ನು ಬರೀ ಉಸಿರಿನಲ್ಲಿ ಹಾಡಿದೆವು. ಜೈಕಾರವೂ ಪಿಸುದನಿಯಲ್ಲೇ. ನನಗಂತೂ ಕಣ್ಣು ತುಂಬಿ ಬಂತು.

ಕೊನೆಗೆ ಅಡುಗೆಯವನು ತಾನೇ ಕಟ್ಟಿದ ಲಾಡು ಹಂಚಿದ. ಸಾಹೇಬರು ಒಂದನ್ನು ಕಡಿಯಲು ನೋಡಿದರು, ಆಗಲಿಲ್ಲ. ಮೆಲ್ಲಗೆ ಹುಕುಂ ಮಾಡಿದರು: "ಯಾರೂ ಇದನ್ನ ಕೆಳಗೆ ಬೀಳಿಸಬೇಡಿ. ಸದ್ದಾಗುತ್ತೆ."

ಕಿಟಕಿ

ರಜೆಗೆ ಬಂದಾಗ ಸಾರವಾಡದ ನನ್ನ ಮಾವ ಚಹಾದಂಗಡಿಯಲ್ಲಿ ನಾಲ್ಕು ಮಂದಿಯ ಮುಂದೆ ಎದೆ ಉಬ್ಬಿಸಿ, "ನಮ್ಮ ಅಳಿಯಾರು ಸಮುದ್ರದ ತಳದಾಗ ಝೆಂಡಾ ಹಾರಿಸ್ಯಾರ!" ಎಂದರು.

ಸುಮ್ಮನಿರಬಾರದೆ ನಾನು? "ಹಾರಲಿಲ್ರಿ ಮಾವಾರ. ಒಳಗ ಗಾಳಿ ಇರಂಗಿಲ್ಲ" ಎಂದೆ.

"ಒಂದ್ ಕಿಡಕಿ ತಗೀಬೇಕಿತ್ರಿ, ಭರ್ರಂತ ಹಾರ್ತಿತ್ತು!" ಎಂದರು ಮಾವ. ಅದಕ್ಕೆ ಕಿಟಕಿಯೇ ಇರುವುದಿಲ್ಲ ಎಂದೆ.

ಅಂಗಡಿಯ ಕಾಕಾ ಫೋಟೋ ಕೇಳಿದ. ಒಳಗೆ ಫೋಟೋ ತೆಗೆಯಲು ಬಿಡುವುದಿಲ್ಲ ಎಂದೆ. ಅವನು ಚಹಾ ಸೋಸುತ್ತಲೇ ತೀರ್ಪು ಕೊಟ್ಟ: "ಕಿಡಕಿ ಇಲ್ಲ, ಗಾಳಿ ಇಲ್ಲ, ಫೋಟೋನೂ ಇಲ್ಲ. ಗೌಡ್ರ, ನಿಮ್ಮ ಅಳಿಯಾರು ಗೋವಾದಾಗ ಯಾವ್ದೋ ಹೋಟೆಲ್ದಾಗ ಸಪ್ಲಾಯರ್ ಅದಾರ, ಬರದಿಟ್ಕೋರಿ."

ಮಾವನ ಮುಖ ಸಣ್ಣದಾಯಿತು. ಅವತ್ತಿನಿಂದ ಅವರು ಮನೆಯಲ್ಲೇ ಚಹಾ ಕುಡಿಯತೊಡಗಿದರು.

ಜೈಕಾರ

ನಾನು ನಿವೃತ್ತನಾದ ವರ್ಷ ಮಾವ ಹಟ ಹಿಡಿದು ನನ್ನನ್ನು ತಮ್ಮೂರ ಶಾಲೆಯ ಧ್ವಜಾರೋಹಣಕ್ಕೆ ಮುಖ್ಯ ಅತಿಥಿ ಮಾಡಿಸಿದರು. ಮುಂಜಾನೆ ನನ್ನ ಕಾಲರ್ ಸರಿಮಾಡುತ್ತ ಹೇಳಿದರು: "ಇಡೀ ಊರ ಕೂಡತೈತ್ರಿ. ಆ ಚಹಾದಂಗಡ್ಯಾಂವನೂ ಬರ್ತಾನ. ಮಿಲಿಟರಿ ದನೀಲೆ ಒಮ್ಮೆ ಜೈ ಅನ್ರಿ ಸಾಕು. ನನ್ನ ಮಾನ ನಿಮ್ಮ ಕೈಯಾಗೈತಿ."

ಹಗ್ಗ ಎಳೆದೆ. ಹೂವು ಉದುರಿ ಧ್ವಜ ಬಿಚ್ಚಿಕೊಂಡು ಪಟಪಟ ಹಾರಿತು. ಎಷ್ಟೋ ವರ್ಷ ಗೋಡೆಗಂಟಿದ ಧ್ವಜಕ್ಕೇ ಸೆಲ್ಯೂಟ್ ಹೊಡೆದವನು ನಾನು. ನೆಟ್ಟಗೆ ನಿಂತು ಮೈಕ್ ಮುಂದೆ ಬಾಯಿ ತೆರೆದೆ. ರೂಢಿ ಎಲ್ಲಿ ಬಿಡುತ್ತದೆ?

"ಭಾರತ ಮಾತಾ ಕೀ..." ಎಂದು ಪಿಸುಗುಟ್ಟಿದೆ.

ಮಾವ ಹಣೆಗೆ ಕೈಹಚ್ಚಿದರು. ಮಕ್ಕಳು ಮಾತ್ರ ಇದೇ ಮಿಲಿಟರಿ ಪದ್ಧತಿ ಎಂದು ತಿಳಿದು, ಮುನ್ನೂರು ಮಂದಿಯೂ ಒಟ್ಟಿಗೆ ಪಿಸುಗುಟ್ಟಿದವು: "ಜೈ."

ಇನ್ನು ದನಿ ಏರಿಸಿದರೆ ನಗೆಪಾಟಲು. ಉಳಿದೆರಡು ಜೈಕಾರವನ್ನೂ ಹಾಗೇ ಮುಗಿಸಿದೆ. ಹೆಡ್‌ಮಾಸ್ತರರು ತುದಿಗಾಲಲ್ಲಿ ಬಂದು ನನಗೆ ಶಾಲು ಹೊದಿಸಿದರು.

ಮಾವ ತಲೆ ತಗ್ಗಿಸಿ ನಿಂತಿದ್ದರು. ಚಹಾದಂಗಡಿ ಕಾಕಾ ನೇರ ಅವರ ಹತ್ತಿರ ಬಂದು ಕೈಮುಗಿದ. "ಗೌಡ್ರ, ನಂದು ತಪ್ಪಾತ್ರಿ. ಇಷ್ಟ್ ವರ್ಷ ಅಂಗಡಿ ನಡಸೇನಿ, ಹೋಟೆಲ್ದಾಗ ದುಡದಾಂವ ಹಿಂಗ ಪಿಸುಗುಡಂಗಿಲ್ರಿ, ಒದರತಾನ! ನಿಮ್ಮ ಅಳಿಯಾರು ಖರೇನ ನೀರಾಗ ಇದ್ದು ಬಂದಾರ."

ಮಾವನಿಗೆ ಹೋದ ಜೀವ ಬಂತು. ಊರಿಗೆಲ್ಲ ಕೇಳುವಂತೆ, "ಕೇಳಿದ್ರ್ಯಾ ಎಲ್ಲಾರೂ?" ಎಂದು ಕೂಗಿದರು.

ಮುನ್ನೂರು ಮಕ್ಕಳು ತುಟಿಯ ಮೇಲೆ ಬೆರಳಿಟ್ಟು ಅವರತ್ತ ತಿರುಗಿದವು: "ಶ್ಶ್ಶ್!"