ವೃತ್ತದಲ್ಲೊಂದು ತೂತು

ಎಲ್ಲ ರಗಳೆಗೂ ಕಾರಣ ಒಂದು ಊಟದ ತಟ್ಟೆ. ಹೋಟೆಲಿನ ಅಡುಗೆಯವಳು, ಎಲ್ಲರ ಬಾಯಲ್ಲೂ ಅಕ್ಕ, ಅದನ್ನು ಕಾಗದದ ಮೇಲೆ ಬೋರಲು ಹಾಕಿ ಸುತ್ತ ಗೆರೆ ಎಳೆದಳು. ನಡುವೆ ಬರೆದದ್ದು ಒಂದೇ ಮಾತು: ‘ದಿನಕ್ಕೆ ಹತ್ತು ತಾಸು ನಿಂತೇ ಇರುತ್ತೇವೆ. ಗಿರಾಕಿ ಇಲ್ಲದಾಗ ಕೂರಲು ತಲೆಗೊಂದು ಸ್ಟೂಲು ಕೊಡಿ.’

“ಗೆರೆ ಸುತ್ತ ರುಜು ಹಾಕಿ. ಮೊದಲು ಹಾಕಿದ್ದು ಯಾರು ಅಂತ ಯಜಮಾನರು ತಲೆಕೆಳಗಾಗಿ ನಿಂತ್ರೂ ಗೊತ್ತಾಗಬಾರದು.”

ಹನ್ನೆರಡು ಜನ ಹಾಕಿದರು. ಕೊನೆಯವನು ಸಪ್ಲೈಯರ್ ಉದ್ದಣ್ಣ. ಮೊಣಕಾಲ ಹಿಂದೆ ನರಗಳು ಹಗ್ಗದಂತೆ ಗಂಟುಕಟ್ಟಿದ್ದವನು. ಆದರೆ ಹಾಕಿದ ಕ್ಷಣವೇ ಕಾಗದವನ್ನು ಇನ್ನೊಮ್ಮೆ ನೋಡಿದ. ಉಳಿದವರ ರುಜು ಇರುವೆಗಳಂತಿದ್ದರೆ ಅವನದೊಂದೇ ಒಂಟೆಯಂತೆ ಕತ್ತೆತ್ತಿ ನಿಂತಿತ್ತು. ಕೆಲಸ ಹೋದರೆ?

ಅಕ್ಕ ಕಾಗದವನ್ನು ಹಿಟ್ಟಿನ ಡಬ್ಬದ ಕೆಳಗಿಟ್ಟಿದ್ದಳು. ಮಧ್ಯಾಹ್ನದ ಗಡಿಬಿಡಿಯಲ್ಲಿ ಉದ್ದಣ್ಣ ಅದನ್ನು ಎಳೆದು, ಅರ್ಧ ನಿಂಬೆಹಣ್ಣಿನಿಂದ ತನ್ನ ರುಜು ಉಜ್ಜಿದ. ಅಂಗಿಯ ಶಾಯಿಗೆ ಹೆಂಡತಿ ಹಾಗೇ ಮಾಡುವುದನ್ನು ನೋಡಿದ್ದ. ಶಾಯಿ ಹೋಯಿತು. ಜೊತೆಗೆ ಕಾಗದವೂ ಹೋಯಿತು. ಒಂಟೆ ನಿಂತಿದ್ದಲ್ಲಿ ದುಂಡನೆಯ ತೂತು. ಕಾಗದವನ್ನು ಮತ್ತೆ ಡಬ್ಬದ ಕೆಳಗೆ ತುರುಕಿದ.

ಸ್ವಲ್ಪ ಹೊತ್ತಿಗೆ ಅಕ್ಕ ಕಾಗದ ತೆಗೆದು ತೂತು ನೋಡಿದಳು. “ಅಯ್ಯೋ, ಇಲಿ!”

ಕೂಗು ಊಟದ ಹಾಲಿಗೂ ಮುಟ್ಟಿತು. ಗಿರಾಕಿಗಳು ಕಾಲೆತ್ತಿ ಕುರ್ಚಿಯ ಮೇಲಿಟ್ಟರು. ಒಬ್ಬ ಅಜ್ಜಿ ಸೂಪಿನ ಬಟ್ಟಲು ಹಿಡಿದೇ ಅಡುಗೆಮನೆಗೆ ಬಂದಳು. ಯಜಮಾನರು ಪೊರಕೆ ಹಿಡಿದು ಓಡಿಬಂದರು.

“ಎಲ್ಲಿ ಇಲಿ?”

“ಇಲಿ ಸಿಗಲಿಲ್ಲ ಸಾರ್, ಇದು ಸಿಕ್ತು. ಹೇಗೂ ಇವತ್ತು ಕೊಡೋದಿತ್ತು, ತಗೊಳ್ಳಿ.”

ಯಜಮಾನರು ಕಾಗದವನ್ನು ಮುಖಕ್ಕೆ ಹಿಡಿದು ಓದಿದರು. ತೂತಿನಲ್ಲಿ ಅವರ ಒಂದು ಕಣ್ಣು ಕಾಣುತ್ತಿತ್ತು.

“ಈ ಜಾಗದಲ್ಲಿ ಯಾರ ಹೆಸರಿತ್ತು?”

ಗೊತ್ತಿದ್ದ ಹನ್ನೊಂದು ಬಾಯಿಗಳೂ ಬೀಗ ಹಾಕಿಕೊಂಡವು. ಕಣ್ಣು ಎಲ್ಲರನ್ನೂ ಸುತ್ತಿ ಉದ್ದಣ್ಣನ ಮೇಲೆ ನಿಂತಿತು.

“ನಿಂದೇನೋ?”

“ನಂದಾ? ಇಲ್ಲ ಸಾರ್! ನನಗೆ ನಿಲ್ಲೋದಂದ್ರೇನೇ ಇಷ್ಟ.”

ಯಾರೂ ಅವನತ್ತ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಜ್ಜಿ ಇಣುಕಿ ಓದಿದಳು. “ಹತ್ತು ತಾಸಾ? ನಾನು ಈ ಸೂಪು ಆರೋ ತನಕ ನಿಲ್ಲಲಾರೆ. ಕೊಡಿಸಿ ಸ್ವಾಮಿ, ನಾಚಿಕೆಯಾಗಲ್ವಾ?” ಹಿಂದಿನಿಂದ ಗಿರಾಕಿಗಳೂ ಹೌದೌದೆಂದರು. ಯಜಮಾನರು ಸೀದ ರೊಟ್ಟಿಯನ್ನು ಮಗುಚಿದಂತೆ ಮುಖ ಮಗುಚಿ ನಕ್ಕರು. “ಇವತ್ತೇ ತರಿಸ್ತೀನಿ ಅಮ್ಮ.”

ಸಂಜೆಯೊಳಗೆ ಸ್ಟೂಲುಗಳು ಬಂದವು. ಹನ್ನೊಂದು.

“ಇವನಿಗೆ ಬೇಡ,” ಯಜಮಾನರು ಉದ್ದಣ್ಣನ ಬೆನ್ನು ತಟ್ಟಿದರು. “ನಿಲ್ಲೋದಂದ್ರೇನೇ ಇವನಿಗೆ ಇಷ್ಟ.”

ಎಲ್ಲರೂ ಕೂತರು. ಅವನು ಗೋಡೆಗೆ ಒರಗಿಸಿದ ಏಣಿಯಂತೆ ನಿಂತ. ಅಕ್ಕ ತನ್ನ ಸ್ಟೂಲಿನಲ್ಲಿ ಒಂದಿಷ್ಟು ಸರಿದಳು.

“ಬಾರೋ, ಅರ್ಧ ನಿಂದು.” ಕೈಹಿಡಿದು ಎಳೆದವಳು ತಟ್ಟನೆ ಎಳೆಯುವುದನ್ನು ನಿಲ್ಲಿಸಿದಳು. ಮೂಗು ಅರಳಿತು.

“ಇಲಿಗೆ ನಿಂಬೆಹಣ್ಣು ಇಷ್ಟ ಅಂತ ಗೊತ್ತೇ ಇರಲಿಲ್ಲ ಕಣೋ,” ಅಂದಳು, ಅವನಿಗಷ್ಟೇ ಕೇಳುವಂತೆ. ಆದರೂ ಬಿಟ್ಟುಕೊಟ್ಟ ಅರ್ಧ ಸ್ಟೂಲನ್ನು ಹಾಗೇ ಖಾಲಿ ಬಿಟ್ಟಿದ್ದಳು.

ಉದ್ದಣ್ಣ ಆ ಕೈಯನ್ನು ಜೇಬಿಗೆ ತುರುಕಿ, ಆಗಲೇ ಒರೆಸಿಟ್ಟಿದ್ದ ಮೇಜನ್ನು ಇನ್ನೊಂದು ಕೈಯಲ್ಲಿ ಒರೆಸಲು ಹೋದ.