ಚಿಕ್ಕಮ್ಮನ ಬಣ್ಣದ ನೀರು

ನಮ್ಮ ಚಿಕ್ಕಮ್ಮನ ಮನೆಗೆ ಹೋದವರು ಲೋಟದಲ್ಲಿ ಏನಿದ್ದರೂ ಕೇಳದೆ ಕುಡಿಯಬಾರದು. ಇದು ನಮ್ಮ ಬಳಗದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು, ಗೊತ್ತಿಲ್ಲದವರು ಅನುಭವಿಸಿದ್ದಾರೆ.

ಚಿಕ್ಕಮ್ಮನದು ನೊಣವಿನಕೆರೆ ಪಕ್ಕದ ಹಳ್ಳಿ. ಮನೆ ಹಿಂದಿನ ಶೆಡ್ಡಿನಲ್ಲಿ ತೆಂಗಿನ ನಾರಿಗೆ ಬಣ್ಣ ಹಾಕಿ ಕಾಲೊರಸು ಹೆಣೆಸುತ್ತಾಳೆ. ಹಂಡೆಯಲ್ಲಿ ಉಳಿದ ಬಣ್ಣದ ನೀರನ್ನು ಮೊದಲೆಲ್ಲ ಚರಂಡಿಗೆ ಚೆಲ್ಲುತ್ತಿದ್ದಳು. ಅದು ಹರಿದು ಸೇರುತ್ತಿದ್ದದ್ದು ಬೇಲಿಯಾಚೆಯ ಗೆಳತಿಯ ತೋಟಕ್ಕೆ. ಒಂದು ಬೆಳಿಗ್ಗೆ ಗೆಳತಿಯ ಬಿಳಿ ಕರು ಮೂತಿ ಕೆಂಪಗೆ ಮಾಡಿಕೊಂಡು ನಿಂತಿತ್ತು. ಎಲೆಅಡಿಕೆ ಮೆದ್ದಂತಿದೆ ಎಂದು ನಾವೆಲ್ಲ ನಕ್ಕೆವು. ಸಂಜೆಗೆ ಕರು ಮೇವು ಬಿಟ್ಟಿತು. ಡಾಕ್ಟರು ಬಂದುಹೋದ ಮೇಲೆ ಚೇತರಿಸಿಕೊಂಡಿತು, ನಿಜ. ಗೆಳತಿ ಮಾತ್ರ ಜಗಳಕ್ಕೂ ಬರಲಿಲ್ಲ. ಬರುವುದನ್ನೇ ನಿಲ್ಲಿಸಿದಳು. ಜಗಳವಾಗಿದ್ದರೆ ಚಿಕ್ಕಮ್ಮ ಗೆಲ್ಲುತ್ತಿದ್ದಳು.

ಬಣ್ಣದ ನೀರಿಗೊಂದು ದಾರಿ ಕಾಣುವವರೆಗೆ ಎಂದು ಚಿಕ್ಕಮ್ಮ ಶೆಡ್ಡಿಗೆ ಬೀಗ ಹಾಕಿದಳು. ಜಗುಲಿಯ ಮೇಲೆ ಬಣ್ಣದ ನೀರು ತುಂಬಿದ ಗಾಜಿನ ಲೋಟಗಳು ಸಾಲುಗಟ್ಟಿದವು. ನೀರಿನ ಬಣ್ಣ ತೆಗೆಯುವ ಮೊದಲ ಪ್ರಯೋಗ ಪಟಿಕದ್ದು. ಪಟಿಕ ಹಾಕಿ ಕದಡಿದರೆ ಬಣ್ಣವು ಒಡೆದ ಹಾಲಿನಂತೆ ಗರಣೆಗಟ್ಟಿ ತಳಕ್ಕಿಳಿಯುತ್ತಿತ್ತು. ಹೀಗಿರುವಾಗ ತಿಪಟೂರಿನಿಂದ ಚಿಕ್ಕಮ್ಮನ ಮಗಳನ್ನು ನೋಡಲು ಬಂದ ವರನ ತಂದೆ, ತಿಳಿಗುಲಾಬಿ ಲೋಟವೊಂದನ್ನು ಎತ್ತಿ ಬಾಯಿಗಿಟ್ಟೇಬಿಟ್ಟರು.

"ಇಡಿ ಕೆಳಗೆ. ಅದು ಪಾನಕ ಅಲ್ಲ ಕಣ್ರೀ, ಕಾಲೊರಸಿನ ಮೈ ತೊಳೆದ ನೀರು," ಎಂದು ಕೂಗಿದಳು ಚಿಕ್ಕಮ್ಮ.

ಸಂಬಂಧವೇನೋ ಕುದುರಿತು. ಆದರೆ ಆ ಬೀಗರು ಇಂದಿಗೂ ಬರುವಾಗ ಕೈಯಲ್ಲಿ ನೀರಿನ ಬಾಟಲಿ ಹಿಡಿದೇ ಬರುತ್ತಾರೆ.

ಪಟಿಕ ಹೆಚ್ಚು ಹಾಕಿದಷ್ಟೂ ತಳದ ಗಸಿ ಹೆಚ್ಚಾಯಿತು, ಅದನ್ನು ಚೆಲ್ಲಲು ಜಾಗವಿರಲಿಲ್ಲ. ನುಗ್ಗೆಬೀಜದ ಪುಡಿಗೂ ನೀರು ತಿಳಿಯಾಗುತ್ತದೆಂದು ಯಾರೋ ಹೇಳಿದ್ದೇ ತಡ, ಊರಿನ ನುಗ್ಗೆಮರಗಳಿಗೆಲ್ಲ ಚಿಕ್ಕಮ್ಮನ ಕಾವಲು.

"ಹುಳಿಗೆ ಎರಡು ನುಗ್ಗೆಕಾಯಿ ಹಾಕೇ," ಎಂದರು ಚಿಕ್ಕಪ್ಪ.

"ಬೀಜ ಬಲೀಲಿ, ಸುಮ್ನಿರಿ. ನಿಮ್ಮ ನಾಲಿಗೆಗಿಂತ ನನ್ನ ನೀರಿಗೆ ಬೇಕು."

ಆ ವರ್ಷ ಚಿಕ್ಕಪ್ಪ ನುಗ್ಗೆಕಾಯಿ ತಿಂದದ್ದೆಲ್ಲ ಬೇರೆಯವರ ಮದುವೆಗಳಲ್ಲಿ. ಅಲ್ಲೂ ಚಿಕ್ಕಮ್ಮ ಪಕ್ಕದಲ್ಲಿ ಕೂತು, ಅವರ ಎಲೆಗೆ ಬಗ್ಗಿ, ಬೀಜ ಬಲಿತಿದೆಯೇ ಎಂದು ನೋಡುತ್ತಿದ್ದಳು.

ಬರೀ ನುಗ್ಗೆಪುಡಿಗೆ ನೀರು ಮಬ್ಬಾಗಿಯೇ ಉಳಿಯಿತು, ಇಟ್ಟರೆ ನಾತವೂ ಹೊಡೆಯಿತು. ಕೊನೆಗೆ ತುಸುವೇ ಪಟಿಕ ಹಾಕಿ ಬಿರುಸಾಗಿ ಕದಡಿ, ಆಮೇಲೆ ನುಗ್ಗೆಪುಡಿ ಬೆರೆಸಿ ಮೆಲ್ಲಗೆ ತಿರುವಿ ಬಿಟ್ಟಾಗ, ಡ್ರಮ್ಮಿಗೆ ತುಂಬಿಟ್ಟಿದ್ದ ಬಣ್ಣದ ನೀರು ತಿಳಿಯಾಗಿ ನಿಂತಿತು.

"ಇನ್ನು ಕುಡೀಬಹುದಲ್ಲ?" ಎಂದು ರೇಗಿಸಿದೆ.

"ಬಣ್ಣ ಹೋದ್ರೆ ಕೆಟ್ಟದ್ದೆಲ್ಲ ಹೋಯ್ತು ಅಂತ ಯಾರಂದ್ರು? ಇದು ವಾಪಸ್ ಬಣ್ಣದ ಹಂಡೆಗೇ. ಗಸಿ ಸಿಮೆಂಟ್ ತೊಟ್ಟಿಗೆ. ಬೇಲಿ ಆಚೆಗೆ ಒಂದು ಹನೀನೂ ಹೋಗಲ್ಲ."

ಅಷ್ಟು ಜೋರಾಗಿ ಹೇಳಿದ್ದು ನನಗಲ್ಲವೆಂದು, ಅವಳು ಬೇಲಿಯ ಕಡೆ ನೋಡಿದಾಗ ತಿಳಿಯಿತು.

ಶೆಡ್ಡು ಮತ್ತೆ ಶುರುವಾಯಿತು, ಚರಂಡಿ ಒಣಗಿತು. ಒಂದು ಮಧ್ಯಾಹ್ನ ಗೆಳತಿ ಬಂದಳು. ಒರಳಿನ ಮುಂದೆ ಕೂತು ನುಗ್ಗೆಬೀಜ ಕುಟ್ಟತೊಡಗಿದಳು. ಒಂದು ಹಿಡಿ ಕುಟ್ಟಿ ಮುಗಿಸಿ, "ಕಾಫಿಗೀಫಿ ಏನಾದ್ರೂ ಕೊಡ್ತೀಯೇನೇ?" ಅಂದಳು.

ಒಳಗೆ ಹೋದ ಚಿಕ್ಕಮ್ಮ ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ, ಸೆರಗನ್ನು ಬಾಯಿಗೆ ಒತ್ತಿ ಗೋಡೆಗೆ ಒರಗಿ ನಿಂತಿದ್ದಾಳೆ. ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿದೆ.

"ಚಿಕ್ಕಮ್ಮ, ಹಾಲು," ಎಂದೆ.

"ಉಕ್ಲಿ ಬುಡು," ಎಂದಳು.